ತೆಳು ಆಯಿಲು, ಮಂದ ಆಯಿಲು

ರಾತ್ರಿ ಯಾವುದೋ ಹೊತ್ತಿನಲ್ಲಿ ಹಿಮದ ಭಾರ ತಾಳಲಾರದೆ ಒಂದು ಮುದಿ ಪೈನ್ ಮರ ಕರೆಂಟಿನ ತಂತಿಯನ್ನೂ ಎಳೆದುಕೊಂಡು ರಸ್ತೆಗೆ ಅಡ್ಡ ಬಿತ್ತು. ಊರು ಕತ್ತಲಾಯಿತು. ಊರೆಂದರೆ ಸರೋವರದ ಈಚೆ ದಡದಲ್ಲಿ ಮೂರೇ ಮನೆ. ಎರಡು ಮನೆಯವರು ಒಲೆಗೆ ಇನ್ನೊಂದು ಕೊರಡು ತಳ್ಳಿ ಮಗ್ಗುಲು ಬದಲಿಸಿದರು. ಮೂರನೆಯ ಮನೆಯ ತೌನೊ ಮಾತ್ರ ಬೆಳಗ್ಗೆ ಎದ್ದು ಶೆಡ್ಡಿನ ಬಾಗಿಲು ತೆಗೆದು, ಒಳಗಿನ ಚಳಿಯೂ ಹೊರಗಿನ ಚಳಿಯೂ ಒಂದೇ ಆಗಿರುವುದನ್ನು ಕಂಡು, "ಕೆಟ್ಟೆ!" ಅಂದುಕೊಂಡ.

ಶೆಡ್ಡಿನಲ್ಲಿ ಅವನ ನಾಲ್ಕು ಗಾಲಿಯ ಬೈಕು ನಿಂತಿತ್ತು. ಕಾಡು, ಕೆಸರು, ಹೆಪ್ಪುಗಟ್ಟಿದ ನೀರು ಯಾವುದಕ್ಕೂ ಅಂಜದ ಗಾಡಿ. ಅದರ ಹೊಟ್ಟೆಯ ಕೆಳಗೆ ಗೋಣಿಚೀಲ ಹೊದ್ದುಕೊಂಡು ಒಂದು ಪುಟ್ಟ ಕರೆಂಟಿನ ಹೀಟರು ಕೂತಿತ್ತು. ಈ ಹೀಟರಿನ ವಿಷಯ ತೌನೊಗೆ ಬಿಟ್ಟರೆ ಪ್ರಪಂಚದಲ್ಲಿ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಅವನು ಸೀಟು ಏರಿ ಗುಂಡಿ ಒತ್ತಿದ. ಚಳಿಗಾಲಕ್ಕೆಂದು ಮಲಗಿದ ಕರಡಿಯನ್ನು ಕೋಲಿನಿಂದ ತಿವಿದ ಹಾಗೆ ಗಾಡಿ ಒಮ್ಮೆ "ಗೊರ್ರ್" ಅಂದು ಸುಮ್ಮನಾಯಿತು. ಮತ್ತೆ ಒತ್ತಿದ. ಈ ಸಲ ಅದೂ ಇಲ್ಲ.

ಬೇರೆ ದಿನವಾಗಿದ್ದರೆ ಒಳಗೆ ಹೋಗಿ ಕಾಫಿ ಕುಡಿದು ಕರೆಂಟು ಬರುವವರೆಗೆ ಕಾಯುತ್ತಿದ್ದ. ಆದರೆ ಇವತ್ತು ಮಧ್ಯಾಹ್ನ ಆಚೆ ದಡದ ಚರ್ಚಿನಲ್ಲಿ ಅರ್ವೊನನ್ನು ಮಣ್ಣು ಮಾಡುವವರಿದ್ದರು.

ಅರ್ವೊ ಮತ್ತು ತೌನೊ ಹುಡುಗರಾಗಿದ್ದಾಗಿನಿಂದ ಜೊತೆಗಾರರು. ಒಟ್ಟಿಗೆ ಮರ ಕಡಿದವರು, ಒಂದೇ ಬಲೆಯನ್ನು ಮಂಜುಗಡ್ಡೆಯ ಕೆಳಗೆ ಹಾಸಿ ಮೀನು ಹಂಚಿಕೊಂಡವರು, ಮದುವೆಗೆ ಒಬ್ಬರ ಕೋಟನ್ನು ಇನ್ನೊಬ್ಬರು ಹಾಕಿಕೊಂಡವರು. ಅಂಥವರು ಮಾತು ಬಿಟ್ಟು ಎಷ್ಟೋ ಚಳಿಗಾಲವಾಗಿತ್ತು. ಕಾರಣ ಕೇಳಿದರೆ ನಗು ಬರುತ್ತದೆ. ಇಂಜಿನ್ ಆಯಿಲು.

ಆಯಿಲ್ ಡಬ್ಬದ ಮೇಲೆ ಎರಡು ಅಂಕಿ ಇರುತ್ತವೆ. ಮೊದಲನೆಯದು ಚಿಕ್ಕದಾದಷ್ಟೂ ಆಯಿಲು ಚಳಿಯಲ್ಲಿ ತೆಳುವಾಗಿ ಹರಿಯುತ್ತದೆ. ಅರ್ವೊ ಸೊನ್ನೆಯ ಡಬ್ಬದವನು. ತೌನೊ ಇಪ್ಪತ್ತರ ಡಬ್ಬದವನು. "ದಪ್ಪ ಆಯಿಲು ಇಂಜಿನ್ನಿಗೆ ತುಪ್ಪಳದ ಕೋಟಿದ್ದ ಹಾಗೆ" ಎಂದು ಅವನ ವಾದ. ಒಂದು ದಿನ ಮೀನಿಗೆ ಕೂತಿದ್ದ ಜನರೆಲ್ಲರ ಮುಂದೆ ಅರ್ವೊ, "ತೌನೊ ತನ್ನ ಗಾಡಿಗೆ ಆಯಿಲ್ ಅಲ್ಲ, ಡಾಂಬರು ಹಾಕ್ತಾನೆ" ಅಂದ. ಜನ ನಕ್ಕರು. "ನಿಂದೇನು ಆಯಿಲಾ? ನೆಗಡಿ ಬಂದಾಗ ಮೂಗಿಂದ ಸುರಿಯೋದು" ಅಂದ ತೌನೊ. ಇನ್ನೂ ನಕ್ಕರು. ಅರ್ವೊ ಎದ್ದು ನಿಂತು, "ನಾಳೆ ಬೆಳಗ್ಗೆ ಈ ಚಳೀಲಿ ಅದು ಸ್ಟಾರ್ಟ್ ಆದ್ರೆ ನನ್ನ ಹೆಸರೇ ಬದಲಾಯಿಸ್ಕೋತೀನಿ ಕಣೋ!" ಅಂದುಬಿಟ್ಟ.

ತೌನೊ ಆ ಸಂಜೆಯೇ ಕದ್ದುಮುಚ್ಚಿ ಹೀಟರು ತಂದ. ಮಾರನೆಯ ಬೆಳಗ್ಗೆ ಗಾಡಿ ಗುಡುಗಿಸಿಕೊಂಡು ಹೆಪ್ಪುಗಟ್ಟಿದ ಸರೋವರ ದಾಟಿ ಆಚೆ ದಡದ ಅರ್ವೊನ ಅಂಗಳದಲ್ಲಿ ಮೂರು ಸುತ್ತು ಹೊಡೆದು, "ಏನಪ್ಪಾ, ಹೊಸ ಹೆಸರೇನು?" ಎಂದು ಕೂಗಿದ. ಅಂಗಡಿಯಲ್ಲಿ ಕೇಳಿದ, ಚರ್ಚಿನ ಮೆಟ್ಟಿಲ ಮೇಲೂ ಕೇಳಿದ. ತಮಾಷೆ ಎಲ್ಲಿ ನಿಲ್ಲಿಸಬೇಕೆಂದು ಅವನಿಗೆ ತಿಳಿಯಲಿಲ್ಲ. ಒಂದು ದಿನ ಅರ್ವೊ ಉತ್ತರ ಕೊಡದೆ ಮುಖ ತಿರುಗಿಸಿ ನಡೆದ. ಹಾಗೆ ತಿರುಗಿದ ಮುಖ ಮತ್ತೆ ಈ ಕಡೆ ತಿರುಗಲಿಲ್ಲ.

ಈ ಚಳಿಗಾಲದ ಮೊದಲ ಹಿಮ ಬಿದ್ದ ಮೇಲೆ, ಸೌದೆ ಒಡೆಯುತ್ತಿದ್ದ ಅರ್ವೊ ಕೊಡಲಿ ಕೆಳಗಿಟ್ಟು ಕೂತವನು ಏಳಲಿಲ್ಲ ಎಂದು ಸುದ್ದಿ ಬಂತು; ಆ ಕಡೆಯ ರೂಢಿಯಂತೆ ಮಣ್ಣು ಮಾಡುವುದು ಇನ್ನೂ ಕೆಲವು ವಾರದ ಮೇಲೆ. ತೌನೊ "ಹೂಂ" ಅಂದ. ಆಮೇಲೆ ಶೆಡ್ಡಿಗೆ ಹೋಗಿ ಬಾಗಿಲು ಹಾಕಿಕೊಂಡು ಬಹಳ ಹೊತ್ತು ಕೂತಿದ್ದ.

"ಏ ತೌನೊ! ಇನ್ನೂ ಹೊರಟಿಲ್ವಾ?"

ಬಾಗಿಲಲ್ಲಿ ಪಕ್ಕದ ಮನೆಯ ಹಿಲ್ಯಾ ನಿಂತಿದ್ದಳು. ಕಪ್ಪು ಕೋಟು, ಕಪ್ಪು ಟೋಪಿ, ಕಂಕುಳಲ್ಲಿ ಬಟ್ಟೆ ಸುತ್ತಿದ ಕೇಕಿನ ತಟ್ಟೆ. ಅವಳ ಬೆನ್ನಿಗೆ ಸೂಲೊ, ಶಾಲೆಯ ಬಸ್ಸು ಓಡಿಸಿ ನಿವೃತ್ತನಾದವನು. ರಸ್ತೆಗೆ ಮರ ಬಿದ್ದದ್ದರಿಂದ ಇಬ್ಬರೂ ತೌನೊನ ಗಾಡಿಯ ಹಿಂದೆ ಜಾರುಬಂಡಿ ಕಟ್ಟಿಕೊಂಡು ಹೋಗುವ ಲೆಕ್ಕಾಚಾರದಲ್ಲಿ ಬಂದಿದ್ದರು.

"ಸ್ಟಾರ್ಟ್ ಆಗ್ತಿಲ್ಲ" ಅಂದ ತೌನೊ.

"ನಿನ್ನ ಗಾಡಿ ಸ್ಟಾರ್ಟ್ ಆಗ್ತಿಲ್ವಾ? ಇಷ್ಟು ವರ್ಷ ಯಾವ ಚಳೀಲೂ ಆಗ್ತಿತ್ತಲ್ಲೋ!" ಸೂಲೊ ಬಗ್ಗಿ ನೋಡಿದ. "ಗೋಣಿ ಕೆಳಗೆ ಅದೇನದು?"

"ಆಲೂಗಡ್ಡೆಗೆ ಇಟ್ಟಿದ್ದು. ಹೆಪ್ಪುಗಟ್ಟಬಾರ್ದು ಅಂತ."

"ಆಲೂಗಡ್ಡೆ ಎಲ್ಲಿ?"

"ತಿಂದಾಯ್ತು."

ಸೂಲೊ ಮುಂದೆ ಕೇಳಲಿಲ್ಲ. "ನೋಡು ಮಾರಾಯ, ನಮ್ಮನೇಲಿ ಒಂದು ಡಬ್ಬ ಸೊನ್ನೆ ಆಯಿಲಿದೆ. ಹಳೇದು ಬಸಿದು ಅದನ್ನ ಸುರಿ. ಒಂದೇ ಒತ್ತಿಗೆ ಏಳುತ್ತೆ."

"ಬೇಡ."

"ಯಾಕೆ ಬೇಡ?"

"ಬೇಡ ಅಂದ್ರೆ ಬೇಡ. ಅವನ ಆಯಿಲು ನನ್ನ ಗಾಡಿಗೆ ಬೀಳಲ್ಲ."

"ಅವನೇ ಹೋಗ್ಬಿಟ್ಟ, ಇನ್ನು ಅವನ ಆಯಿಲಿನ ಮೇಲೆ ಎಂಥಾ ಸಿಟ್ಟೋ ನಿಂದು!" ಎಂದು ಹಿಲ್ಯಾ ರೇಗಿದಳು. ತೌನೊ ಗೋಣಿಯನ್ನು ಹೀಟರಿನ ಮೇಲೆ ಇನ್ನಷ್ಟು ಎಳೆದು ಮುಚ್ಚಿದ್ದ. ಅವನಿಗೆ ಸಿಟ್ಟಿರಲಿಲ್ಲ. ಆ ಡಬ್ಬ ಮುಟ್ಟಿದರೆ ಇಷ್ಟು ವರ್ಷ ಮಾತು ಬಿಟ್ಟದ್ದು ಬರಿದೇ ಆಯಿತೆಂದು ಒಪ್ಪಬೇಕಾಗುತ್ತಿತ್ತು. ಅದು ಅವನಿಂದ ಆಗುತ್ತಿರಲಿಲ್ಲ.

ಮೊದಲ ಉಪಾಯ ಹಿಲ್ಯಾಳದು. ಕೇಕನ್ನು ಬಟ್ಟೆಗೆ ಹಾಕಿಕೊಂಡು, ತಟ್ಟೆಯ ತುಂಬ ತನ್ನ ಒಲೆಯ ಕೆಂಡ ತಂದು ಗಾಡಿಯ ಹೊಟ್ಟೆಯಡಿ ಇಟ್ಟಳು. ಮೂವರೂ ಸುತ್ತ ಕೂತು ಊದಿದರು. ಸ್ವಲ್ಪ ಹೊತ್ತಿಗೆ ಬಿಸಿಯಾದ ವಾಸನೆ ಬಂತು. ಎಲ್ಲರಿಗೂ ಸಂತೋಷವಾಯಿತು. ಆಮೇಲೆ ನೋಡಿದರೆ ಬಿಸಿಯಾಗಿದ್ದು ಇಂಜಿನ್ನಲ್ಲ. ಚಕ್ರದ ಮೇಲಿನ ಪ್ಲಾಸ್ಟಿಕ್ಕು ಕರಗಿ, ಬಿಸಿಲಿಗಿಟ್ಟ ಚೀಸಿನ ಹಾಗೆ ತೌನೊನ ಕಪ್ಪು ಪ್ಯಾಂಟಿನ ಮೇಲೆ ತೊಟ್ಟಿಕ್ಕುತ್ತಿತ್ತು. ಅವನು ಎದ್ದು ಕುಣಿದ. ಸೂಲೊ ಬೆಂಕಿ ಬಿತ್ತೆಂದು ಒಂದು ಬಕೆಟ್ಟು ಹಿಮ ಸುರಿದ. ಇದ್ದ ಬಿಸಿಯೂ ಹೋಯಿತು.

"ಸೌನಾ!" ಅಂದ ಸೂಲೊ. "ಹಿಲ್ಯಕ್ಕ, ನಿನ್ನ ಸೌನಾ ನಿನ್ನೆ ರಾತ್ರಿ ಕಾಯಿಸಿದ್ಯಲ್ಲ?"

"ನನ್ನ ಹಬೆಮನೆಗೆ ಗಾಡೀನ? ನನ್ನ ಹೆಣ ಬೀಳ್ಬೇಕು!"

ಹೆಣವೇನೂ ಬೀಳಲಿಲ್ಲ. ಹಿಲ್ಯಾ ತಾನೇ ಒಲೆಗೆ ಸೌದೆ ತುಂಬಿದಳು. ಗಂಡಸರಿಬ್ಬರೂ ಸೇರಿ ಗಾಡಿಯನ್ನು ಅಂಗಳದುದ್ದಕ್ಕೂ ತಳ್ಳಿದರು. ಅದು ಮದುವೆ ಇಷ್ಟವಿಲ್ಲದ ಹೆಣ್ಣಿನ ಹಾಗೆ ಹೆಜ್ಜೆಹೆಜ್ಜೆಗೂ ನಿಂತಿತು. ಬಾಗಿಲಲ್ಲಿ ಅರ್ಧ ನುಗ್ಗಿ ಸಿಕ್ಕಿಹಾಕಿಕೊಂಡಿತು. ಮುಂದೂ ಇಲ್ಲ, ಹಿಂದೂ ಇಲ್ಲ. ಅಷ್ಟರಲ್ಲಿ ಒಲೆಗೆ ಸೌದೆ ಹಾಕುತ್ತ ಒಳಗೇ ಇದ್ದ ಹಿಲ್ಯಾ ಒಳಗೇ ಉಳಿದಳು.

"ಬೇಯ್ತಾ ಇದೀನಿ! ಕೋಟು ಬೇರೆ ಹಾಕ್ಕೊಂಡಿದೀನಿ! ಏನಾದ್ರೂ ಮಾಡ್ರೋ!"

"ಬಿಚ್ಚು ಹಿಲ್ಯಕ್ಕ, ನಾವು ನೋಡಲ್ಲ" ಅಂದ ಸೂಲೊ.

"ನೋಡೋದಕ್ಕೆ ಏನಿದೆ ಮುಟ್ಠಾಳ, ನನ್ನನ್ನ ಹೊರಗೆ ಎಳಿ!"

ತೌನೊ ಗಾಡಿಯ ಮೇಲೇರಿ ಅವಳ ಕೈ ಹಿಡಿದು ಎಳೆದ. ಟೋಪಿ ಒಳಗೇ ಬಿತ್ತು, ಅವಳು ಹೊರಗೆ ಬಂದಳು, ಬೇಯಿಸಿದ ಬೀಟ್‌ರೂಟಿನ ಬಣ್ಣವಾಗಿ. ಅದೇ ಹೊತ್ತಿಗೆ ಸರೋವರದ ಆಚೆಯಿಂದ ಗಂಟೆ ಕೇಳಿಸಿತು. ಚಳಿಗೆ ಗಾಳಿ ಎಷ್ಟು ತಿಳಿಯಾಗಿತ್ತೆಂದರೆ ಗಂಟೆ ಪಕ್ಕದ ಮನೆಯಲ್ಲೇ ಹೊಡೆದಂತಿತ್ತು. ಮೂವರೂ ಆ ಕಡೆ ತಿರುಗಿದರು.

ಚರ್ಚಿನಲ್ಲಿ ಪ್ರಾರ್ಥನೆ ಶುರುವಾಗಿತ್ತು.

ತೌನೊ ಕಪ್ಪಾದ ಕೈಗಳನ್ನು ನೋಡಿಕೊಂಡ, ಸುಟ್ಟ ಪ್ಯಾಂಟು ನೋಡಿಕೊಂಡ. "ಸೂಲೊ, ಆ ಡಬ್ಬ ತಗೊಂಬಾ" ಅಂದ.

ಕೆಳಗಿನ ಬೋಲ್ಟು ಬಿಚ್ಚಿದಾಗ, ಸೌನಾದ ಬಿಸಿಗೆ ಕೊಂಚ ಸಡಿಲಾಗಿದ್ದ ಮಂದ ಆಯಿಲು ಆರಿದ ಗಂಜಿಯ ಹಾಗೆ ಬಕೆಟ್ಟಿಗೆ ಇಳಿಯಿತು. ಹೊಸದನ್ನು ತೌನೊ ತಾನೇ ಸುರಿದ. ಅದು ಸದ್ದಿಲ್ಲದೆ ಸರಾಗವಾಗಿ ಒಳಗೆ ಹೋಯಿತು. "ನೀನೇ ಗೆದ್ದೆ ಕಣೋ" ಎಂದು ಬಾಯೊಳಗೇ ಅಂದ. ಹಿಲ್ಯಾ ಕೇಳಿಸಿಕೊಂಡಳು. ಜೀವಮಾನದಲ್ಲಿ ಮೊದಲ ಸಲ ಏನೂ ಅನ್ನದೆ ಸುಮ್ಮನಿದ್ದಳು.

ಗಾಡಿಯ ಬ್ಯಾಟರಿ ಇಳಿದುಹೋಗಿದ್ದರಿಂದ ಸೂಲೊ ಮನೆಯಿಂದ ತಂದ ಬ್ಯಾಟರಿ ಜೋಡಿಸಿ ಗುಂಡಿ ಒತ್ತಿದರು. ಒಂದೇ ಒತ್ತಿಗೆ ಗಾಡಿ ಎದ್ದಿತು. ಹಿಂದಕ್ಕೆ ಬಿಟ್ಟಾಗ ಬಾಗಿಲ ಚೌಕಟ್ಟೂ ಜೊತೆಗೆ ಬಂತು. ಅದನ್ನು ಕಳಚಿ ಹಿಮದಲ್ಲಿ ಬಿಸಾಡಿ, ಇಬ್ಬರನ್ನೂ ಜಾರುಬಂಡಿಯಲ್ಲಿ ಕೂರಿಸಿಕೊಂಡು ತೌನೊ ಸರೋವರಕ್ಕೆ ಇಳಿದ. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಜೋಡಿಸಿಕೊಂಡ. ಶವಪೆಟ್ಟಿಗೆಯ ಹತ್ತಿರ ಹೋಗಿ, ಯಾರಿಗೂ ಕೇಳದ ಹಾಗೆ, "ಹೀಟರ್ ಇಟ್ಟಿದ್ದೆ ಕಣೋ. ನಿಂದೇ ಸರಿ" ಅನ್ನಬೇಕು. ಅಷ್ಟು ಸಾಕು.

ಚರ್ಚಿನ ಅಂಗಳಕ್ಕೆ ಬಂದಾಗ ಪ್ರಾರ್ಥನೆ ಮುಗಿದಿತ್ತು. ಆದರೆ ಯಾರೂ ಸ್ಮಶಾನಕ್ಕೆ ಹೊರಟಿರಲಿಲ್ಲ. ಗುಡ್ಡದ ಮೇಲಿನ ಸ್ಮಶಾನಕ್ಕೆ ತನ್ನ ಗಾಡಿಯೇ ತನ್ನನ್ನು ಎಳೆದುಕೊಂಡು ಹೋಗಬೇಕೆಂದು ಅರ್ವೊ ಬದುಕಿದ್ದಾಗ ಹೇಳಿದ್ದನಂತೆ. ಪೆಟ್ಟಿಗೆಯನ್ನು ಜಾರುಬಂಡಿಯ ಮೇಲಿಟ್ಟು ಅವನ ಗಾಡಿಗೆ ಕಟ್ಟಿದ್ದರು. ಪೇಟೆಯಿಂದ ಬಂದ ಅರ್ವೊನ ತಮ್ಮನ ಮಗ ಯೌನಿ ಸೀಟಿನ ಮೇಲೆ ಕೂತು ಗುಂಡಿ ಒತ್ತುತ್ತಿದ್ದ. ಗಾಡಿ "ಗೊರ್ರ್" ಅನ್ನುತ್ತಿತ್ತು.

ಆ ಸದ್ದು ತೌನೊಗೆ ಗೊತ್ತಿತ್ತು. ಬೆಳಗ್ಗೆ ಅದನ್ನೇ ಕೇಳಿದ್ದ.

"ಅರ್ವೊನ ಗಾಡಿ ಸ್ಟಾರ್ಟ್ ಆಗ್ತಿಲ್ವಾ?" ಎಂದು ಕೆಳಗಿಳಿದ. ಜನ ದಾರಿ ಬಿಟ್ಟರು. ಅವನು ಬಗ್ಗಿ ಆಯಿಲ್ ನೋಡುವ ಕಡ್ಡಿಯನ್ನು ಎಳೆದ. ಬರಲೊಲ್ಲೆ ಎನ್ನುತ್ತ ಬಂತು. ತುದಿಯಲ್ಲಿ ಕಪ್ಪಗೆ, ದಪ್ಪಗೆ, ಡಾಂಬರಿನ ಹಾಗೆ ಅಂಟಿತ್ತು. ಎರಡು ಬೆರಳಿನ ನಡುವೆ ಉಜ್ಜಿ ನೋಡಿದ. ಮೂಸಿದ. ಅನುಮಾನವೇ ಇರಲಿಲ್ಲ.

"ಇದನ್ನ ಯಾರು ಹಾಕಿದ್ದು?"

"ಅವರೇ" ಅಂದಳು ಅರ್ವೊನ ಹೆಂಡತಿ ಇಂಪಿ. ಅವನ ಪಕ್ಕಕ್ಕೆ ಬಂದು ದನಿ ತಗ್ಗಿಸಿದಳು. "ಚಳಿ ಶುರುವಾಗೋ ಮುಂಚೆ. 'ಅವನ ಗಾಡಿ ಇಷ್ಟು ವರ್ಷದಿಂದ ಓಡ್ತಿದೆ, ಅವನದೇ ಸರಿ ಇರ್ಬೇಕು, ನಾನೇ ಸುಮ್ನೆ ಹಟ ಮಾಡ್ದೆ' ಅಂದ್ರು. ಮೊದಲ ಗಟ್ಟಿ ಚಳಿಗೇ ನಿಂತೋಯ್ತು. ತೆಗ್ದುಹಾಕಿ ಅಂದೆ. 'ಬೇಡ, ತೌನೊ ಏನು ಮಾಡ್ತಾನೋ ಹೋಗಿ ಕೇಳ್ತೀನಿ' ಅಂದ್ರು."

"ಬರಲೇ ಇಲ್ವಲ್ಲ ಅತ್ತಿಗೆ."

"ರಸ್ತೇಲಿ ಬಂದ್ರೆ ಊರೆಲ್ಲ ನೋಡುತ್ತೆ ಅಂತ ನಾಚಿಕೆ. ನೀರು ಗಟ್ಟಿಯಾಗ್ಲಿ, ಅಡ್ಡ ನಡಕೊಂಡು ಹೋಗ್ತೀನಿ ಅಂತ ದಿನಾ ಬೆಳಗ್ಗೆ ದಡಕ್ಕೆ ಹೋಗಿ ಕೋಲಲ್ಲಿ ಕುಟ್ಟಿ ನೋಡ್ತಿದ್ರು. ಅವರು ಹೋದ್ಮೇಲೆ ಗಟ್ಟಿಯಾಯ್ತು." ಅವಳು ಮೂಗು ಒರೆಸಿಕೊಂಡಳು. "ನಿನ್ನದು ಹೇಗಪ್ಪಾ ಸ್ಟಾರ್ಟ್ ಆಗ್ತಿತ್ತು?"

ತೌನೊ ಕೈಯಲ್ಲಿದ್ದ ಕಡ್ಡಿಯನ್ನು ತಿರುಗಿಸಿ ನೋಡಿದ.

"ಹೀಟರ್ ಇಟ್ಟಿದ್ದೆ ಅತ್ತಿಗೆ."

ಇಂಪಿ ಅವನನ್ನೇ ನೋಡಿದಳು. ಆಮೇಲೆ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡಳು. ಭುಜ ಕುಲುಕಿದವು. ಅಳುತ್ತಿದ್ದಾಳೆಂದು ಹೆಂಗಸರು ಬೆನ್ನು ಸವರಲು ಬಂದರು. ಅವಳು ಮೊದಲು ನಕ್ಕಿದ್ದಳು. ಅಳು ಆಮೇಲೆ ಬಂತು. ತೌನೊಗೆ ಎರಡೂ ಕೇಳಿಸಿತು.

ಬೇರೆ ದಾರಿಯಿರಲಿಲ್ಲ. ಅರ್ವೊನ ಗಾಡಿಯನ್ನು ಬಿಚ್ಚಿ ತೌನೊನದನ್ನು ಕಟ್ಟಿದರು. ಅಷ್ಟರಲ್ಲಿ ಹಿಲ್ಯಾಳ ನಾಲಿಗೆಗೆ ಜೀವ ಬಂದಿತ್ತು. "ತೌನೊನೂ ಸೊನ್ನೆ ಆಯಿಲ್ ಹಾಕ್ದ ಕಣ್ರೇ! ಇವತ್ತೇ! ನನ್ನ ಕಣ್ಣೆದುರಿಗೇ!"

ಗುಂಪಿನಲ್ಲಿ ಗುಸುಗುಸು ಎದ್ದಿತು. "ಅರ್ವೊ ಆವಾಗ್ಲೇ ಹೇಳ್ತಿದ್ದ, ಪಾಪ." "ಸತ್ತ ಮೇಲಾದ್ರೂ ಬುದ್ಧಿ ಬಂತಲ್ಲ ಇವನಿಗೆ." "ಹಾಗಾದ್ರೆ ಅರ್ವೊನ ಗಾಡಿ ಯಾಕಪ್ಪ ಏಳ್ಲಿಲ್ಲ?" ಎಂದು ಒಬ್ಬ ಮುದುಕ ಕೇಳಿದ. ಎಲ್ಲರೂ ತೌನೊನ ಕಡೆ ನೋಡಿದರು. ಕಡ್ಡಿ ಇನ್ನೂ ಅವನ ಕೈಯಲ್ಲಿತ್ತು. ಇಂಪಿ ತಲೆ ತಗ್ಗಿಸಿ ನಿಂತಿದ್ದಳು.

ತೌನೊ ಕಡ್ಡಿಯನ್ನು ಪ್ಯಾಂಟಿಗೆ ಒರೆಸಿ ವಾಪಸು ತುರುಕಿದ. "ಬ್ಯಾಟರಿ ಇಳಿದಿದೆ" ಅಂದ. "ಆಯಿಲ್ ಸರಿಯಾಗೇ ಇದೆ. ಅರ್ವೊ ಹೇಳಿದ್ದೇ ಸರಿ. ತಪ್ಪು ನಂದು."

ಗುಡ್ಡ ಹತ್ತುವಾಗ ಅವನು ಬಹಳ ನಿಧಾನ ಹೋದ. "ಸ್ವಲ್ಪ ಬೇಗ ಹೋಗೋ, ಕಾಲು ಮರಗಟ್ಟಿದೆ" ಎಂದು ಹಿಂದಿನಿಂದ ಸೂಲೊ ಕೂಗಿದ. ತೌನೊ ಕೇಳಿಸದವನಂತೆ ಕೂತಿದ್ದ. ಇಂಜಿನ್ನಿನ ಸದ್ದಿನಲ್ಲಿ ಬೆನ್ನ ಹಿಂದಿನ ಪೆಟ್ಟಿಗೆಗೆ ಏನೇನೋ ಹೇಳುತ್ತಿದ್ದ. ಅವನ ತುಟಿ ಅಲ್ಲಾಡುವುದು ಮುಂದೆ ನಡೆಯುತ್ತಿದ್ದ ಪಾದ್ರಿಗೂ ಕಾಣಲಿಲ್ಲ.

ಮೇಲೆ ತಲುಪಿದಾಗ ಪಾದ್ರಿ ಕೈ ತೋರಿಸಿ ಇಂಜಿನ್ ಆರಿಸಲು ಹೇಳಿದರು. ಆರಿಸಿದ. ಪ್ರಾರ್ಥನೆಯಾಯಿತು, ಹಾಡಾಯಿತು, ಗುಂಡಿ ಮುಚ್ಚಿದರು. ಜನ ಕಾಫಿಗೆಂದು ಗುಡ್ಡ ಇಳಿಯತೊಡಗಿದರು. ಸೂಲೊ, ಹಿಲ್ಯಾ ಖಾಲಿಯಾದ ಜಾರುಬಂಡಿಯಲ್ಲಿ ಕೂತು ಕಾದರು. ತೌನೊ ಗಾಡಿ ಏರಿದ. ಇಷ್ಟು ಹೊತ್ತು ಚಳಿಯಲ್ಲಿ ನಿಂತಿದೆ, ಈಗ ಖಂಡಿತ ಏಳುವುದಿಲ್ಲ, ಇವರೆಲ್ಲ ನಡೆದು ಹೋಗಲಿ, ನಾನು ರಿಪೇರಿ ನೆಪದಲ್ಲಿ ಅರ್ವೊನ ಹತ್ತಿರ ಇನ್ನೊಂದಿಷ್ಟು ಹೊತ್ತು ಇರುತ್ತೇನೆ ಅಂದುಕೊಂಡು ಗುಂಡಿ ಒತ್ತಿದ.

ಒಂದೇ ಒತ್ತಿಗೆ ಎದ್ದಿತು.