ನಾಗಲಿಂಗನ ಬಾಕಿ ನಮಸ್ಕಾರ

ಇಳಕಲ್ಲಿನ ಹಿಟ್ಟಿನ ಗಿರಣಿಯ ನಾಗಲಿಂಗ ಸಿಟ್ಟಿನ ಮನುಷ್ಯ ಖರೆ. ಆದರೆ ಆ ಸಿಟ್ಟು ಸಂಜೆಗೆ ಗಿರಣಿಯ ಬೆಲ್ಟಿನ ಜೊತೆಗೇ ನಿಂತುಬಿಡುತ್ತಿತ್ತು. ಕರೆಂಟಿನವರ ಮೇಲೆ, ಜೋಳದಲ್ಲಿ ಹರಳು ಬಿಟ್ಟು ತರುವವರ ಮೇಲೆ, ಎಲ್ಲರ ಮೇಲೂ ಬಂದು ಹೋಗುವ ಸಿಟ್ಟು. ನಿಲ್ಲದೆ ಇಂದಿಗೂ ತಿರುಗುತ್ತಿರುವುದು ಒಂದೇ: ಹೆಂಡತಿಯ ಅಣ್ಣ ಬಸಯ್ಯನ ಮೇಲಿನದು.

ಬಾದಾಮಿಯಲ್ಲಿ ಬಸಯ್ಯನ ಮಗಳ ಲಗ್ನ. ಬಂದವರೆಲ್ಲ ನಾಗಲಿಂಗನ ಅತ್ತೆ ಇಂದ್ರವ್ವನ ಪಾದ ಮುಟ್ಟಿ ಮುಂದೆ ಹೋಗುತ್ತಿದ್ದರು. ನಾಗಲಿಂಗ ಮಾತ್ರ ನಿಂತಲ್ಲೇ ಕೈ ಮುಗಿದ. ಬಸಯ್ಯ ತುಂಬಿದ ಹಂದರದಲ್ಲಿ ದನಿ ಎತ್ತಿ ಹೇಳಿದ:

"ನಮ್ಮ ಇಳಕಲ್ಲ ಅಳಿಯಾರ ಬೆನ್ನು ಯಾರ ಮುಂದೂ ಬಗ್ಗೂದಿಲ್ರಿ. ಗ್ರಾನೈಟ್ ಐತಿ ಅದು."

ಹಂದರ ನಕ್ಕಿತು. ನಾಗಲಿಂಗನಿಗೂ ಬಾಯಿ ಇತ್ತಲ್ಲ! "ಬಗ್ಗಿ ಮುಟ್ಟೂವಂಥಾ ಕಾಲು ಈ ಮನ್ಯಾಗ ಎಲ್ಲೆದಾವ?" ಅಂದುಬಿಟ್ಟ. ಎಸೆದದ್ದು ಬಸಯ್ಯನಿಗೆ, ಬಿದ್ದದ್ದು ಇಂದ್ರವ್ವನಿಗೆ. ಆಕೆ ಅಳಿಯನ ಚೀಲಕ್ಕೆ ಬುಂದೆ ಉಂಡಿ ಕಟ್ಟಿ ಇಟ್ಟಳು. ಬೈದಿದ್ದರೆ ಅರಗುತ್ತಿತ್ತು, ಆ ಉಂಡಿ ಮಾತ್ರ ಅವನಿಗೆ ಇವತ್ತಿಗೂ ಅರಗಿಲ್ಲ.

ಅವತ್ತು ಬೆನ್ನಲ್ಲಿ ಇದ್ದದ್ದು ಸೊಕ್ಕಲ್ಲ, ರೋಗ. ಬೆನ್ನೆಲುಬಿನ ಕೀಲುಗಳು ಉರಿದು ಉರಿದು ಒಂದಕ್ಕೊಂದು ಬೆಸೆದುಕೊಳ್ಳುವ ವಾತ ಇದು ಅಂತ ಬಾಗಲಕೋಟೆಯ ಡಾಕ್ಟರು ಹೇಳುವ ಹೊತ್ತಿಗೆ ಲಗ್ನವಾದ ಹುಡುಗಿಗೆ ಕೂಸು ಹುಟ್ಟಿತ್ತು. ಗುಳಿಗೆ ಬರೆದುಕೊಟ್ಟು, ಮಲಗಿದಷ್ಟೂ ಬಿಗಿಯುತ್ತದೆ, ಆಡಿಸಿದಷ್ಟೂ ಸಡಿಲಾಗುತ್ತದೆ, ಒಬ್ಬನೇ ಮಾಡಿದರೆ ಬೇಸರಾಗಿ ಬಿಡುತ್ತೀ, ನಾಲ್ಕು ಮಂದಿ ಜೊತೆ ಕೂಡಿ ವ್ಯಾಯಾಮ ಮಾಡು ಅಂದರು.

ಆ ನಾಲ್ಕು ಮಂದಿ ಇಳಕಲ್ಲಲ್ಲೇ ಇದ್ದರು. ಪ್ರತಿ ಐತವಾರ ಬೆಳಿಗ್ಗೆ ಒಂದು ಸಾಲಿಯ ದೊಡ್ಡ ಹಾಲ್‌ನಲ್ಲಿ ಫಿಜಿಯೋಥೆರಪಿಯ ನೇತ್ರಾ ಇಂಥದೇ ಬೆನ್ನಿನವರಿಗೆ ವ್ಯಾಯಾಮ ಹೇಳಿಕೊಡುತ್ತಿದ್ದಳು. ಟೇಲರ್ ಮಲೀಕಸಾಬ, ಟೀಚರ್ ಜಯಶ್ರೀ, ಮತ್ತೆ ಕೆಲವರು. ಯಾರ ಕುತ್ತಿಗೆಯೂ ತಿರುಗದು. ಹಿಂದಿನಿಂದ ಕರೆದರೆ ಇಡೀ ಮನುಷ್ಯನೇ ಬಾಗಿಲಿನ ಹಾಗೆ ತಿರುಗಬೇಕು! ನಾಗಲಿಂಗನಿಗೆ ಕಳೆದುಹೋದ ಬಂಧುಬಳಗ ಸಿಕ್ಕಂತಾಯಿತು. ನೇತ್ರಾಳದು ಒಂದೇ ಕಟ್ಟಳೆ: ಅರ್ಧ ಮಂದಿ ನೆಲದ ಮೇಲೆ ಮಲಗಿದಾಗ ಅರ್ಧ ಮಂದಿ ನಿಂತಿರಬೇಕು, ಮಲಗಿದವರ ಮಗ್ಗುಲಿಗೆ ಕುರ್ಚಿ ಇರಬೇಕು. ನಾಗಲಿಂಗನಿಗೆ ಇದು ಕೂಸುಗಳ ಆಟ ಅನಿಸಿತು.

ಬೆರಳು ಮೊಣಕಾಲು ಮುಟ್ಟಿದ ದಿನ ಅವನು ದಿಗ್ವಿಜಯ ಸಾರಿದ. "ಬರೂ ಐತವಾರ ನಿಮ್ಮವ್ವನ್ನ ಸಾಲಿ ಹಾಲ್‌ಗೇ ಕರಸು," ಅಂತ ಹೆಂಡತಿ ಶಿವಗಂಗಾಳಿಗೆ ಹೇಳಿದ. "ಎಲ್ಲಾರ ಮುಂದ ಪಾದ ಮುಟ್ತೇನಿ. ನಿಮ್ಮಣ್ಣನೂ ಬರ್ಲಿ, ಕಣ್ತುಂಬ ನೋಡ್ಲಿ."

"ಮೊದಲ ನಿಮ್ಮ ಪಾದ ನೀವ ಮುಟ್ಟಿಕೊಳ್ರಿ. ಆಮ್ಯಾಲೆ ನಮ್ಮವ್ವಂದು," ಅಂದಳು ಶಿವಗಂಗಾ. ಆದರೂ ಫೋನು ಮಾಡಿದಳು.

ಆ ಐತವಾರ ಹಲ್ಲು ಕಡಿಯುವ ಚಳಿ. ನೇತ್ರಾ ಬರುತ್ತಿದ್ದ ಬಸ್ಸು ಹುನಗುಂದದ ಹತ್ತಿರ ಕೆಟ್ಟು ನಿಂತಿತು. ನಾ ಬರುವ ತನಕ ಗೋಡೆ ಹಿಡಿದು ಮಾಡುವುದಷ್ಟೇ ಮಾಡ್ರಿ ಅಂತ ಮಲೀಕಸಾಬನ ಫೋನಿಗೆ ಹೇಳಿದಳು. ನಾಗಲಿಂಗ ಎದೆ ಉಬ್ಬಿಸಿದ. ಗಿರಣಿ ನಡೆಸುವವನಿಗೆ ಇಷ್ಟು ಮಂದಿಯನ್ನು ನಡೆಸುವುದು ದೊಡ್ಡದೇ? ಅತ್ತೆಯ ಮನೆಯವರು ಬಂದಾಗ ಹಾಲ್ ಭರ್ಜರಿ ಕಾಣಲಿ ಅಂತ ಕುರ್ಚಿಗಳನ್ನೆಲ್ಲ ಮೂಲೆಗೆ ತಳ್ಳಿಸಿದ. ಎಲ್ಲರನ್ನೂ ಒಮ್ಮೆಗೇ ನೆಲದ ಮೇಲೆ ಅಂಗಾತ ಮಲಗಿಸಿ, ತಾನೂ ಮಲಗಿ, ಗಿರಣಿಯ ಗದ್ದಲದ ಮೇಲೆ ಕೂಗಿ ರೂಢಿಯಾದ ದನಿಯಲ್ಲಿ ಶುರುಮಾಡಿದ: "ಎತ್ರಿ! ಒತ್ರಿ! ಹಿಡೀರಿ!"

ಬಾದಾಮಿಯ ಬಸ್ಸು ತಡವಾದಷ್ಟೂ ಹಿಡಿಯುವುದು ಉದ್ದವಾಯಿತು. ಕೆಳಗೆ ಇಳಕಲ್ಲಿನ ಗ್ರಾನೈಟು, ಮಂಜುಗಡ್ಡೆಯಂಥದು. ಕಡೆಗೆ "ಏಳ್ರಿ" ಅಂದ. ಯಾರೂ ಏಳಲಿಲ್ಲ. ಅಂಗಾತ ಬಿದ್ದ ಆಮೆಗಳ ಹಾಗೆ ಎಲ್ಲರೂ ಛಾವಣಿ ನೋಡುತ್ತ ಕೈಕಾಲು ಆಡಿಸಿದರು.

"ನಾಗಲಿಂಗಣ್ಣ, ನೀ ಮೊದಲ ಏಳು. ನಮ್ಮ ಲೀಡರಲಾ ನೀ," ಅಂದ ಮಲೀಕಸಾಬ.

"ನಿಮ್ಮನ್ನ ಬಿಟ್ಟು ಹೆಂಗ ಏಳ್ಲೋ?" ಅಂದ ನಾಗಲಿಂಗ, ಭಾಳ ಗಂಭೀರವಾಗಿ.

ಜಯಶ್ರೀ ಟೀಚರು ನಗಲಿಕ್ಕೆ ಹೋಗಿ ಪಕ್ಕೆಲುಬು ಹಿಡಿದುಕೊಂಡರು. ಕಿಟಕಿಯ ಮೇಲೆ ಮಲೀಕಸಾಬನ ಫೋನು ಬಡಿದುಕೊಂಡಿತು. ನೇತ್ರಾಳದೇ ಇರಬೇಕು. ಭಜನೆ ಕೇಳುವವರಂತೆ ಎಲ್ಲರೂ ಮಲಗಿ ಅದನ್ನು ಪೂರ್ತಿ ಕೇಳಿದರು.

ಆಗಲೇ ಬಾಗಿಲಲ್ಲಿ ಇಂದ್ರವ್ವ, ಬಸಯ್ಯ ಬಂದು ನಿಂತದ್ದು. ಬಸಯ್ಯ ಒಂದು ಗಳಿಗೆ ನೋಡಿದ.

"ಪಾದ ಮುಟ್ತಾರಂತ ಬಂದ್ರ ಅಳಿಯಾರು ದೀಡ ನಮಸ್ಕಾರನ ಹಾಕ್ಯಾರ. ಆದ್ರ ಬೋರಲ ಬೀಳೂದು ಬಿಟ್ಟು ಅಂಗಾತ ಬಿದ್ದಾರ."

ಇಂದ್ರವ್ವ ಮಗನನ್ನು ಮೊಣಕೈಯಿಂದ ಸರಿಸಿದಳು. ಸೆರಗು ಸಿಗಿಸಿ, ಆ ವಯಸ್ಸಿನಲ್ಲಿ ತಣ್ಣನೆಯ ನೆಲಕ್ಕೆ ಮೊಣಕಾಲೂರಿ, ನಾಗಲಿಂಗನ ಪಾದಕ್ಕೆ ಕೈ ಹಾಕಿದಳು.

"ಅತ್ತಿ, ಕಾಲು ಮುಟ್ಟಬ್ಯಾಡ್ರಿ!"

"ಸುಮ್ಮನಿರ್ರಿ. ಲಗ್ನದಾಗ ನಾ ತೊಳದ ಕಾಲ ಇವು, ಹೊಸಾವೇನಲ್ಲ."

ಕಾಲು ಮಡಿಸಿ, ಮಗ್ಗುಲಿಗೆ ಹೊರಳಿಸಿ, ಹೆಗಲು ಕೊಟ್ಟು ಎಬ್ಬಿಸಿದಳು. ಆಮೇಲೆ ಉಳಿದವರನ್ನೂ. ಮೂಲೆಯ ಕುರ್ಚಿಗಳನ್ನು ಬಸಯ್ಯನೇ ತಂದ. ನೇತ್ರಾ ಬಂದಾಗ ಅವಳಿಗೆ ಉಳಿದ ಕೆಲಸ ಬೈಯುವುದೊಂದೇ. ನಾಗಲಿಂಗ ಅಲ್ಲೇ ಬಗ್ಗಲು ನೋಡಿದ. ಬಿಗಿದ ಬೆನ್ನು ಮೊಣಕಾಲಿಗೂ ಇಳಿಯಲಿಲ್ಲ.

"ಇರ್ಲಿ ಬಿಡ್ರಿ," ಅಂದಳು ಇಂದ್ರವ್ವ. "ನಾ ಎಲ್ಲಿ ಹೋಗ್ತೇನಿ?"

ಒಂದಿದ್ದ ಬಾಕಿ ಎರಡಾಯಿತು. ಅಂದಿನಿಂದ ನಾಗಲಿಂಗ ಮಗ್ಗುಲಿಗೆ ಕುರ್ಚಿ ಇಟ್ಟುಕೊಂಡು, ಬಾಯಿ ಮುಚ್ಚಿಕೊಂಡು ವ್ಯಾಯಾಮ ಮಾಡಿದ. ಐತವಾರ ಮಧ್ಯಾಹ್ನ ಬಾದಾಮಿಯಿಂದ ಫೋನು ಬರುತ್ತಿತ್ತು. ಬಸ್ಸಿನಲ್ಲಿ ಕೂತವರನ್ನು ಕೇಳುವ ಹಾಗೆ ಇಂದ್ರವ್ವ ಕೇಳುತ್ತಿದ್ದಳು, "ಅಳಿಯಾರ, ಎಲ್ಲೀತನ ಬಂದ್ರಿ?" ಇವನು ಮೊಣಕಾಲು ದಾಟಿದೆ ಅನ್ನುವನು. ಸಾವಕಾಶ ಬರ್ರಿ ಅನ್ನುವಳು ಆಕೆ.

ಮುಂದಿನ ಮಳೆಗಾಲದಲ್ಲಿ ಅವನ ಬೆರಳು ಪಾದದ ಹತ್ತಿರ ಇಳಿದೇ ಬಿಟ್ಟಿತು. ಶಿವಗಂಗಾ ಖುಷಿಯಿಂದ ತವರಿಗೆ ಫೋನು ಹಚ್ಚಿದರೆ ನಾಗಲಿಂಗ ಕಸಿದುಕೊಂಡ. "ಹೇಳಬ್ಯಾಡ. ದೀಪಾವಳಿಗೆ ಹೋಗಿ ನಿಮ್ಮಣ್ಣನ ಎದುರಿಗೇ ಬಗ್ತೇನಿ. ಅವನ ಗ್ರಾನೈಟು ಅವನ ಬಾಯಾಗ ತುರಕ್ತೇನಿ."

ಅದಕ್ಕೇ ಪ್ರತಿ ಐತವಾರ ಸುಳ್ಳು ಹೇಳಿದ: ಮೊಣಕಾಲು ದಾಟಿ ಅಲ್ಲೇ ನಿಂತೇನ್ರಿ ಅತ್ತಿ, ಮುಂದ ಹೋಗವಲ್ದು. ಇಂದ್ರವ್ವ ಲೊಚಗುಟ್ಟಿ, ಹೋಗಲಿ ಬಿಡ್ರಿ, ಬೆನ್ನಿಗೆ ತ್ರಾಸು ಕೊಡಬ್ಯಾಡ್ರಿ ಅನ್ನುತ್ತಿದ್ದಳು.

ದೀಪಾವಳಿಗೆ ಮುಂಚೆಯೇ ಇಂದ್ರವ್ವ ತೀರಿಕೊಂಡಳು.

ನಾಗಲಿಂಗ ಬಾದಾಮಿಗೆ ಹೋದಾಗ, ಅವರಲ್ಲಿಯ ಪದ್ಧತಿಯಂತೆ ಆಕೆಯನ್ನು ಮನೆಯ ಮುಂದೆ ಕುಳ್ಳಿರಿಸಿದ್ದರು. ಹಣೆತುಂಬ ವಿಭೂತಿ, ಕೊರಳತುಂಬ ಹೂವು. ಕುರ್ಚಿಯ ಕೆಳಗೆ ಬೆಂಚು, ಬೆಂಚಿನ ಕೆಳಗೆ ಕಲ್ಲು. ದರ್ಶನಕ್ಕೆ ಬಂದವರು ಆಕೆಯ ಪಾದಕ್ಕೆ ಕೈ ಮೇಲೆತ್ತಬೇಕಿತ್ತು. ಬಗ್ಗಲು ಸಿದ್ಧನಾಗಿ ಉಸಿರು ಬಿಗಿ ಹಿಡಿದು ಹೋದ ನಾಗಲಿಂಗನ ಎದೆಯ ಮಟ್ಟಕ್ಕೆ ಬಂದವು ಆ ಪಾದಗಳು.

"ಇಷ್ಟ್ಯಾಕ ಎತ್ತರ ಕುಂಡ್ರಿಸೀರಿ? ಸ್ವಲ್ಪ ಇಳಸ್ರಿ," ಅಂದ ಬಸಯ್ಯನಿಗೆ.

ಬಸಯ್ಯನ ಕಣ್ಣು ಅತ್ತು ಬಾತಿದ್ದವು. ಚುಚ್ಚುವ ಮಾತು ಆಡಲಿಲ್ಲ. "ಅವ್ವನ ಹೇಳಿದ್ದಳು. ನನ್ನ ಎತ್ತರದಾಗ ಕುಂಡ್ರಸ್ರಿ, ಇಳಕಲ್ಲ ಅಳಿಯಾರಿಗೆ ಬಗ್ಗಾಕ ಆಗೂದಿಲ್ಲ ಅಂತ."

ನಾಗಲಿಂಗ ನೆಟ್ಟಗೆ ನಿಂತೇ ಎರಡೂ ಕೈಯಿಂದ ಪಾದ ಮುಟ್ಟಿದ. ನೆಲಕ್ಕೆ ಬಗ್ಗಬಹುದಿತ್ತು, ಆದರೆ ಅದು ನೆಲಕ್ಕೆ ಬಗ್ಗಿದಂತೆ, ಅತ್ತೆಗಲ್ಲ. ಹಿಂದೆ ನಿಂತವರಲ್ಲಿ ಯಾರೋ ಅಂದರು, "ನೋಡ್, ಕಡೀಕೂ ಬಗ್ಗಲಿಲ್ಲ."

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಮಾತು ಖರೆ ಇತ್ತು.