ರಂಗಪ್ಪನವರ ಮರಣ ಪತ್ರ ಕೈಸೇರಿತು!

ನಾನು ಹೈಸ್ಕೂಲಿನಲ್ಲಿ ಪೌರನೀತಿ ಪಾಠ ಹೇಳಿ ನಿವೃತ್ತಳಾದವಳು. ಗ್ರಾಮ ಪಂಚಾಯಿತಿಯಿಂದ ಸಂಸತ್ತಿನವರೆಗೆ ಯಾವ ಕೆಲಸ ಎಲ್ಲಿ ನಡೆಯುತ್ತದೆಂದು ನಿದ್ದೆಗಣ್ಣಿನಲ್ಲೂ ಹೇಳಬಲ್ಲೆ. ಆದ್ದರಿಂದ ಅಜ್ಜನ ಮರಣ ಪ್ರಮಾಣಪತ್ರ ತರಲು ನನಗಿಂತ ಯೋಗ್ಯರು ನಮ್ಮ ವಂಶದಲ್ಲೇ ಹುಟ್ಟಿಲ್ಲವೆಂದು ನಾನೇ ತೀರ್ಮಾನಿಸಿ, ನಾನೇ ಘೋಷಿಸಿದೆ.

ವಿಷಯ ಇಷ್ಟೇ. ಭದ್ರಾವತಿಯ ಹಳೇನಗರದಲ್ಲಿ ನಮ್ಮ ಅಜ್ಜ ರಂಗಪ್ಪನವರು ಕಟ್ಟಿಸಿದ ಮನೆಯಿದೆ. ಗಂಡನನ್ನು ಕಳೆದುಕೊಂಡ ನನ್ನ ತಂಗಿ ಸರೋಜ ಅಲ್ಲಿ ಬಟ್ಟೆ ಹೊಲಿದುಕೊಂಡು ಇದ್ದಾಳೆ. ಹಿಂದಿನ ಗೋಡೆ ಬಿರುಕು ಬಿಟ್ಟು ಕೈ ತೂರುವಷ್ಟಾಗಿತ್ತು. ಅದನ್ನು ಕೆಡವಿ ಕಟ್ಟಲು ಅನುಮತಿ ಬೇಕು, ಅನುಮತಿಗೆ ಖಾತೆ ಅವಳ ಹೆಸರಿನಲ್ಲಿರಬೇಕು. ಖಾತೆ ನೋಡಿದರೆ ಇನ್ನೂ ಅಜ್ಜನ ಹೆಸರಿನಲ್ಲೇ ಇದೆ! ಅವರು ಹೋಗಿ ಅರ್ಧ ಶತಮಾನವಾಯಿತು. ಅಪ್ಪನ, ದೊಡ್ಡಪ್ಪನ ಮರಣ ಪತ್ರಗಳು ಇದ್ದವು. ಹೊಳೆಹೊನ್ನೂರಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ದೊಡ್ಡಪ್ಪನ ಮಗ ರಂಗಣ್ಣ, ನನ್ನ ಮತ್ತು ನಮ್ಮ ಸೋದರತ್ತೆಯ ಹಾಗೆಯೇ ತನ್ನ ಪಾಲಿನ ಹಕ್ಕು ಬಿಟ್ಟು ಸಹಿ ಹಾಕುತ್ತೇನೆಂದೂ ಒಪ್ಪಿದ್ದ. ಕೊರತೆಯಿದ್ದದ್ದು ಅಜ್ಜನ ಸಾವಿಗೆ ಪುರಾವೆ ಮಾತ್ರ.

"ಯಾರಾದ್ರೂ ಏಜೆಂಟ್ ಹಿಡಿದ್ರೆ ಮಾಡಿಸ್ಕೊಡ್ತಾರೆ ಕಣೇ" ಎಂದರು ನಮ್ಮವರು, ಕಾಫಿ ಹೀರುತ್ತಾ.

"ಏಜೆಂಟಾ? ಪ್ರಜೆಗೂ ಸರ್ಕಾರಕ್ಕೂ ನಡುವೆ ಮೂರನೆಯವನ್ಯಾಕ್ರೀ? ಇದು ಒಂದು ಬೆಳಗಿನ ಕೆಲಸ. ಮಧ್ಯಾಹ್ನದ ಅನ್ನಕ್ಕೆ ಬಂದ್ಬಿಡ್ತೀನಿ."

"ಬರ್ಲಿಲ್ಲ ಅಂದ್ರೆ?"

"ಬರ್ತೀನಿ!"

ಬರಲಿಲ್ಲ.

ಮೊದಲಿಗೆ ನಾವಿರುವ ಶಿವಮೊಗ್ಗದ ನಗರಪಾಲಿಕೆ ಕಚೇರಿಗೇ ಹೋದೆ. ಸಾಲಿನಲ್ಲಿ ನಿಂತು, ನನ್ನ ಹಿಂದಿದ್ದ ನಾಲ್ಕಾರು ಜನಕ್ಕೆ ನಾಗರಿಕರ ಹಕ್ಕುಗಳ ಬಗ್ಗೆ ಉಚಿತವಾಗಿ ಉಪನ್ಯಾಸ ಕೊಟ್ಟೆ. ಅವರು ಭಕ್ತಿಯಿಂದ ಕೇಳಿದರು. ನನ್ನ ಸರದಿ ಬಂತು.

"ಎಲ್ಲಿ ತೀರ್ಕೊಂಡಿದ್ದು?" ಎಂದರು ಒಳಗಿದ್ದವರು.

"ಭದ್ರಾವತೀಲಿ, ಸ್ವಂತ ಮನೇಲಿ" ಎಂದೆ ಹೆಮ್ಮೆಯಿಂದ.

"ಹಂಗಾದ್ರೆ ಅಲ್ಲಿಗೇ ಹೋಗ್ಬೇಕು ಮೇಡಂ. ಸತ್ತ ಊರಲ್ಲೇ ದಾಖಲೆ ಇರೋದು."

ಇದು ನಾನು ಪಾಠ ಮಾಡಿದ ಪುಸ್ತಕದಲ್ಲಿ ಇರಲಿಲ್ಲ. ಹಿಂದಿದ್ದವರ ಮುಖ ನೋಡದೆ ಹೊರಬಿದ್ದೆ. ಹಾಗೆಂದು ಸೋತು ಮನೆಗೆ ಹೋಗುವವಳೇ ನಾನು? ನೇರವಾಗಿ ಭದ್ರಾವತಿ ಬಸ್ಸು ಹತ್ತಿದೆ. ಮಲವಗೊಪ್ಪ ದಾಟುವಾಗ ನಮ್ಮವರ ಫೋನು ಬಂತು. ಅನ್ನ ಆರುತ್ತಿದೆಯಂತೆ. ಕರೆ ಕತ್ತರಿಸಿದೆ.

ಭದ್ರಾವತಿಯ ಕಚೇರಿಯಲ್ಲಿದ್ದ ಹೆಣ್ಣುಮಗಳು ಸಮಾಧಾನದವಳು. "ಯಾವ ವರ್ಷ ತೀರ್ಕೊಂಡ್ರು ಅಮ್ಮಾ?" ಎಂದಳು.

ವರ್ಷ! ನಾನು ಸರೋಜನಿಗೆ ಫೋನು ಹಚ್ಚಿದೆ. ಅವಳು ಸೋದರತ್ತೆಯನ್ನು ವಿಚಾರಿಸಿ ತಿರುಗಿ ಹೇಳಿದಳು: "ಅಕ್ಕಾ, ಅತ್ತೆಗೆ ಚೆನ್ನಾಗ್ ನೆನಪಿದ್ಯಂತೆ. ದೀಪಾವಳಿ ಆಗಿ ಸ್ವಲ್ಪ ದಿನಕ್ಕೆ, ಕೆಂಪು ಹಸು ಕರು ಹಾಕಿತ್ತಲ್ಲ, ಆ ವರ್ಷವಂತೆ."

ಹಾಗೆಯೇ ಒಪ್ಪಿಸಿದೆ. ಆಕೆ ಪೆನ್ನು ಕೆಳಗಿಟ್ಟಳು. "ಹಸು ಲೆಕ್ಕದಲ್ಲಿ ಹುಡುಕೋಕಾಗಲ್ಲ ಅಮ್ಮಾ. ಇಸವಿ ಒಂದು ಗೊತ್ತು ಮಾಡ್ಕೊಂಡು ಬನ್ನಿ, ನೋಡ್ಕೊಡ್ತೀನಿ."

ಆಗ ನನಗೆ ಅದ್ಭುತವಾದ ಯೋಚನೆ ಹೊಳೆಯಿತು. ನನಗೆ ಹೊಳೆದ ಅದ್ಭುತ ಯೋಚನೆಗಳ ಚರಿತ್ರೆ ಬಲ್ಲ ನಮ್ಮವರು ಅಲ್ಲಿರಲಿಲ್ಲ, ಇದ್ದಿದ್ದರೆ ತಡೆಯುತ್ತಿದ್ದರು. ಅಜ್ಜನನ್ನು ಮಣ್ಣು ಮಾಡಿದ್ದು ಹೊಳೆಹೊನ್ನೂರಿನ ಹತ್ತಿರ ಆಗ ನಮ್ಮದಾಗಿದ್ದ ಹೊಲದಲ್ಲಿ. ಸಮಾಧಿಯ ಕಲ್ಲಿನ ಮೇಲೆ ಇಸವಿ ಕೆತ್ತಿಸಿದ್ದರು!

ಮರುದಿನ ಸರೋಜನನ್ನು ಎಳೆದುಕೊಂಡು ಹೋದೆ. ಹೊಲದ ಬದುವಿನಾಚೆ ಪಾಚಿ ಕಟ್ಟಿದ ಕಲ್ಲೊಂದು ಕಂಡಿತು. "ಇದೇ!" ಎಂದೆ.

"ಇನ್ನೂ ಆಚೆ ಇತ್ತು ಅನ್ಸುತ್ತೆ ಅಕ್ಕಾ" ಎಂದಳು ಸರೋಜ.

"ನಾನು ದೊಡ್ಡವಳಾ, ನೀನಾ?"

ಪ್ರಶ್ನೆ ಅಲ್ಲಿಗೆ ಮುಗಿಯಿತು. ಸೆರಗು ಸಿಕ್ಕಿಸಿಕೊಂಡು, ತೆಂಗಿನ ನಾರಿನಿಂದ ಬೆವರು ಸುರಿಯುವಂತೆ ಕಲ್ಲು ಉಜ್ಜಿದೆ. ಊದುಬತ್ತಿ ಹಚ್ಚಿದೆ, ಕಾಯಿ ಒಡೆದೆ. "ಅಜ್ಜಾ, ಸರೋಜನ ಗೋಡೆ ನಿನ್ನ ಕೈಲಿದೆ" ಎಂದು ಕಣ್ಣೀರೂ ಹಾಕಿದೆ. ಹಿಂದಿನಿಂದ ಯಾರೋ ಕೆಮ್ಮಿದರು. ಪಂಚೆ ಎತ್ತಿ ಕಟ್ಟಿದ ಯಜಮಾನರೊಬ್ಬರು ನಿಂತಿದ್ದರು.

"ಅಲ್ಲಮ್ಮಾ, ನಮ್ಮ ಅಜ್ಜಿ ನಿಮಗೇನಾಗ್ಬೇಕು?"

ಉಜ್ಜಿದ ಕಲ್ಲಿನ ಮೇಲೆ 'ಸಿದ್ದಮ್ಮ' ಎಂಬ ಹೆಸರು ಥಳಥಳ ಹೊಳೆಯುತ್ತಿತ್ತು!

ನಾನು ಬಗ್ಗಲಿಲ್ಲ. "ಹಿರಿಯರು ಯಾರಾದ್ರೇನು, ಎಲ್ಲರಿಗೂ ಹಿರಿಯರೇ. ನೀವು ಇದನ್ನ ತೊಳೆದು ಎಷ್ಟು ವರ್ಷ ಆಗಿತ್ತು ಹೇಳಿ?" ಎಂದು ತಿರುಗಿ ಕೇಳಿದೆ. ಯಜಮಾನರು ನಾಚಿಕೊಂಡು, ಅಜ್ಜನ ಸಮಾಧಿ ತಾವೇ ತೋರಿಸಿದರು. ಅದು ಇನ್ನೂ ಆಚೆ ಇತ್ತು. ಸದ್ದಿಲ್ಲದೆ ನಗುವುದು ಹೇಗೆಂದು ಸರೋಜನಿಂದ ಕಲಿಯಬೇಕು.

ಇಸವಿ ಸಿಕ್ಕಿತು. ಕಚೇರಿಯಲ್ಲಿ ಅರ್ಜಿ ಕೊಟ್ಟೆ. ಆ ಹೆಣ್ಣುಮಗಳು ಹುಡುಕಿಸಿ, ಕೆಲವು ದಿನಗಳಲ್ಲಿ ಸಹಿ ಮೊಹರಿನ ಸಮೇತ ಪತ್ರವನ್ನು ಕೈಗಿಟ್ಟಳು. ಏಜೆಂಟ್ ಇಲ್ಲ, ಶಿಫಾರಸ್ಸಿಲ್ಲ! ಸರೋಜನ ಮನೆಯಲ್ಲಿ ಕೂತು, ನನ್ನ ಮೇಲೆ ಅನುಮಾನಪಟ್ಟ ಸಮಸ್ತರಿಗೂ ತಿಳಿಯಲೆಂದು ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಅಚ್ಚ ಕನ್ನಡದಲ್ಲಿ ಹೀಗೆ ಬರೆದೆ:

"ಕೊನೆಗೂ ರಂಗಪ್ಪನವರ ಮರಣ ಪತ್ರ ಕೈಸೇರಿತು. ಇದಕ್ಕಾಗಿ ಸಹಕರಿಸಿದ ಎಲ್ಲರಿಗೂ ಧನ್ಯವಾದಗಳು. ಜಯ ನಮ್ಮದೇ!"

ಆಮೇಲೆ ಒಂದು ಲೋಟ ಮಜ್ಜಿಗೆ ಕುಡಿದು, ಫ್ಯಾನಿನ ಕೆಳಗೆ ಮಲಗಿದೆ.

ಇಲ್ಲಿ ಒಂದು ಮಾತು ಹೇಳಬೇಕು. ರಂಗಣ್ಣನ ಪೂರ್ತಿ ಹೆಸರು ರಂಗಪ್ಪ. ಮೊದಲ ಮೊಮ್ಮಗನೆಂದು ಅಜ್ಜನ ಹೆಸರನ್ನೇ ಇಟ್ಟಿದ್ದರು. ಇದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆ ಹೊತ್ತಿನಲ್ಲಿ ಹೊಳೆಯಲಿಲ್ಲ, ಅಷ್ಟೇ!

ಸಂಜೆ ಎದ್ದಾಗ ಗುಂಪು ಶೋಕಸಾಗರದಲ್ಲಿ ಮುಳುಗಿತ್ತು. ಕೈಮುಗಿದ ಚಿತ್ರಗಳು, ದೀಪದ ಚಿತ್ರಗಳು. "ಧಾರಾಳಿ ಮನುಷ್ಯ, ಇಲ್ಲ ಅಂದವರಲ್ಲ." "ಕೊಡುಗೈ ದೊರೆ ಹೊರಟುಹೋದ." ಸಾಗರದ ಕಡೆಯ ಬೀಗರು ಆಗಲೇ ಹಾರ ಹಿಡಿದು ಹೊಳೆಹೊನ್ನೂರು ಮುಟ್ಟಿದ್ದರು. ಬಾಗಿಲು ತೆಗೆದದ್ದು ರಂಗಣ್ಣನೇ ಅಂತೆ. ಬೀಗರು ಹಾರವನ್ನು ಅಲ್ಲೇ ಬಿಟ್ಟು ಓಡಿದರಂತೆ!

ಸ್ವಲ್ಪ ಹೊತ್ತಿಗೆ ಸರೋಜನ ಅಂಗಳದಲ್ಲಿ ಸ್ಕೂಟರು ನಿಂತಿತು.

"ಎಲ್ಲಿದಾಳೆ ಆ ಮೇಡಂ?" ರಂಗಣ್ಣನ ಮೀಸೆ ಕುಣಿಯುತ್ತಿತ್ತು. "ಅಲ್ವೇ ವನಜಾ, ನಾನು ಸತ್ರೆ ನಿನಗೆ ಜಯವೇನೇ?"

"ನಾನು ಬರ್ದಿದ್ರಲ್ಲಿ ಒಂದು ತಪ್ಪು ತೋರ್ಸು ರಂಗಣ್ಣ" ಎಂದೆ. "ರಂಗಪ್ಪ ಅಂದ್ರೆ ಅಜ್ಜ. ಓದೋರಿಗೆ ಬುದ್ಧಿ ಬೇಡ್ವಾ?"

"ನನ್ನ ಕೆಲಸದವರು ಅಂಗಡಿ ಮುಚ್ಚಿ, ನಾನು ಸತ್ತೆ ಅಂತ ಊರೆಲ್ಲಾ ಹೇಳ್ಕೊಂಡ್ ಬಂದಿದಾರೆ ಮಾರಾಯ್ತಿ! ಸಹಿನೂ ಇಲ್ಲ, ಗಿಹಿನೂ ಇಲ್ಲ. ಸತ್ತವನ ಸಹಿ ನಿಮಗ್ಯಾಕೆ? ಮೊದ್ಲು ನಾನು ಬದುಕಿದೀನಿ ಅಂತ ಬರಿ."

ಸರೋಜನ ಮುಖ ಬಿಳಿಚಿಕೊಂಡಿತು. ಅವಳ ಕಣ್ಣು ಆ ಬಿರುಕಿನ ಗೋಡೆಯ ಕಡೆ ಹೋದದ್ದು ಕಂಡು ಮೊಬೈಲು ಕೈಗೆತ್ತಿಕೊಂಡೆ. ಗಡಿಬಿಡಿಯಲ್ಲಿ ಬರೆದು ಕಳಿಸಿದೆ: "ಹೊಳೆಹೊನ್ನೂರಿನ ರಂಗಪ್ಪನವರು ಇನ್ನೂ ಬದುಕಿದ್ದಾರೆ."

ರಂಗಣ್ಣ ಓದಿದ. "'ಇನ್ನೂ' ಅಂತ ಯಾಕೆ ಹಾಕ್ದೆ?"

ನಾನು ಬರೆದದ್ದನ್ನು ನಾನೇ ತಿದ್ದಿ 'ಇನ್ನೂ' ತೆಗೆದೆ. ಜೀವನದಲ್ಲಿ ಮೊದಲ ಸಲ!

ಕಾಪಾಡಿದ್ದು ಸರೋಜ. ಕಾಫಿ ತಂದು ಅವನ ಮುಂದಿಟ್ಟಳು. ರಂಗಣ್ಣ ಕಾಫಿ ಕುಡಿಯುತ್ತಾ ಮೊಬೈಲಿನಲ್ಲಿ ಹಿಂದಿನ ಸಂದೇಶಗಳನ್ನು ಒಂದೊಂದಾಗಿ ಓದತೊಡಗಿದ. ಕನ್ನಡಕ ಹಾಕಿಕೊಂಡು ಮತ್ತೆ ಮೊದಲಿನಿಂದ ಓದಿದ. ಮೀಸೆ ನಿಧಾನವಾಗಿ ಇಳಿಯಿತು.

"ನಮ್ಮ ಜನಕ್ಕೆ ನನ್ನ ಮೇಲೆ ಇಷ್ಟು ಪ್ರೀತಿ ಇದೆ ಅಂತ ಗೊತ್ತೇ ಇರ್ಲಿಲ್ಲ" ಎಂದ, ಕನ್ನಡಕ ಒರೆಸುತ್ತಾ. "ಕೊಡುಗೈ ದೊರೆ ಅಂತೆ ನೋಡು ಸರೋಜಾ."

"ಹೌದಲ್ವಾ ರಂಗಣ್ಣ, ನೀನು ಯಾವತ್ತು ಇಲ್ಲ ಅಂದಿದೀಯಾ?" ಎಂದಳು ಸರೋಜ ಮೆಲ್ಲಗೆ.

ಇಡೀ ವಂಶವೇ ಧಾರಾಳಿ ಎಂದ ಮೇಲೆ ಪಾಪ, ಅವನಿಗೆ ಬೇರೆ ದಾರಿ ಇರಲಿಲ್ಲ. ಮುಂದಿನ ವಾರ ಹಕ್ಕು ಬಿಡುಗಡೆ ಪತ್ರಕ್ಕೆ ಅಂದವಾಗಿ ಸಹಿ ಹಾಕಿದ. ಈಗ ಖಾತೆ ಸರೋಜನ ಹೆಸರಿನಲ್ಲಿದೆ, ಹೊಸ ಗೋಡೆಗೆ ಸುಣ್ಣವೂ ಆಗಿದೆ. ಈ ಜಯಕ್ಕೆ ನಾನೇ ಕಾರಣವೆಂದು ಈಗಲೂ ಎದೆ ತಟ್ಟಿ ಹೇಳುತ್ತೇನೆ. ನಾನು ಅವನನ್ನು ಸಾಯಿಸದಿದ್ದರೆ ಹೊಗಳುತ್ತಿದ್ದವರು ಯಾರು?

ಆದರೆ ಗುಂಪಿನಲ್ಲಿ ಒಂದು ಸಣ್ಣ ಬದಲಾವಣೆಯಾಗಿದೆ. ಈಗ ಅಲ್ಲಿ ಅಡ್ಮಿನ್ ಮಾತ್ರ ಬರೆಯಬಹುದು. ಅಡ್ಮಿನ್ ರಂಗಣ್ಣ. ಮೊನ್ನೆ ಯುಗಾದಿಗೆ ಎಲ್ಲರಿಗೂ ಶುಭಾಶಯ ಬರೆದು, ಗುಂಪಿಗೆ ಹಾಕೆಂದು ಅವನಿಗೆ ಕಳಿಸಿದೆ. ಐದೇ ನಿಮಿಷಕ್ಕೆ ಫೋನು ಬಂತು.

"ವನಜಾ, ಎರಡು ಸಲ ಓದ್ದೆ. ಇದ್ರಲ್ಲಿ ಯಾರೂ ಸತ್ತಿಲ್ಲ ತಾನೇ?"