ಮನೆಸಂತನ ಹಬ್ಬಕ್ಕೆ ಬಂದ ಎರವಲಿನ ಅತಿಥಿಗಳು

ಡ್ಯಾನ್ಯೂಬ್ ನದಿ ಸೆರ್ಬಿಯಾದ ನಮ್ಮ ಗೊಲುಬಾತ್ಸ್ ಊರಿನ ಮುಂದೆ ಮಾತ್ರ ಯಾಕೆ ಅಷ್ಟು ಅಗಲವಾಗಿ ಹರಿಯುತ್ತದೆ? ಭೂಗೋಳದ ಮೇಷ್ಟ್ರುಗಳು ಏನಾದರೂ ಹೇಳಿಕೊಳ್ಳಲಿ. ಅದು ನನ್ನ ಕೈ ನೋಡಿ ಕಲಿತದ್ದು! ಎರವಲು ಕೇಳಿದವರಿಗೆ 'ಇಲ್ಲ' ಎಂಬ ಮಾತು ಈ ಸ್ರೆತೆನನ ನಾಲಗೆಯ ಮೇಲೆ ಇನ್ನೂ ಹುಟ್ಟಿಲ್ಲ. ನದಿಯ ಗುಂಟ ಸೈಕಲ್ ತುಳಿದು ಬರುವ ಪರದೇಶದವರಿಗೆ ಊರಿನವರು ಮನೆಯ ಸಾಮಾನು ಎರವಲು ಕೊಡುವ ಏರ್ಪಾಟೊಂದು ಫೋನಿನಲ್ಲಿದೆ. ಬಾಡಿಗೆಯಿಲ್ಲ, ಕರಾರಿಲ್ಲ, ಸಾಮಾನು ಮರಳಿಸಿ ಹೊಗಳಿ ನಾಲ್ಕು ಮಾತು ಬರೆದರೆ ಮುಗಿಯಿತು. ಆ ನಾಲ್ಕು ಮಾತಿಗಾಗಿ ನಾನು ಛತ್ರಿ ಕೊಟ್ಟೆ, ಕೆಟಲ್ ಕೊಟ್ಟೆ, ಸುರಿಯುವ ಮಳೆಯಲ್ಲಿ ಕಾಲಿನ ಬೂಟನ್ನೇ ಬಿಚ್ಚಿಕೊಟ್ಟು ಬರಿಗಾಲಲ್ಲಿ ಆಫೀಸಿಗೆ ಹೋದೆ. ಚರಿತ್ರೆ ಇದನ್ನು ದಾಖಲಿಸಿಲ್ಲ. ಅದು ಚರಿತ್ರೆಯ ದುರದೃಷ್ಟ.

"ನಾಳೆ ಒಂದು ದಿನ ಮಾತ್ರ ಬೇಡ ಮಾರಾಯ," ಎಂದಳು ಹೆಂಡತಿ ದೆಸಾ. ನಾಳೆ ಸ್ಲಾವಾ, ನಮ್ಮ ಮನೆಸಂತನ ಹಬ್ಬ. "ಕುಮ್ ಬರ್ತಾರೆ. ಹೋದ ವರ್ಷ ಏನಂದ್ರು, ನೆನಪಿದೆಯಾ?"

ನೆನಪಿರದೆ ಉಂಟೇ? ಕುಮ್ ರಾದಿಸಾವ್ ನಮ್ಮ ಮದುವೆಗೆ ಸಾಕ್ಷಿ ನಿಂತವರು. ಒಡಹುಟ್ಟಿದವರಿಗಿಂತ ಒಂದು ಮೆಟ್ಟಿಲು ಮೇಲೆ. ಹೋದ ವರ್ಷ ನಮ್ಮ ಹಬ್ಬದ ಮೇಜಿನ ಸುತ್ತ ಇದ್ದವರು ಕುಮ್, ಅವರ ಹೆಂಡತಿ, ಮತ್ತು ಕರೆಂಟ್ ಮೀಟರ್ ನೋಡಲು ಬಂದವನು. ಕುಮ್ ಸುತ್ತಲೂ ಕಣ್ಣಾಡಿಸಿ, "ಈ ಮನೆಯನ್ನ ಜನ ಮರೆತುಬಿಟ್ರೇನಮ್ಮ?" ಎಂದು ನಿಟ್ಟುಸಿರಿಟ್ಟಿದ್ದರು. ಅಂದಿನಿಂದ ದೆಸಾಳಿಗೆ ಅದೇ ಕೊರಗು. ಸ್ಲಾವಾಗೆ ನಾವು ಯಾರನ್ನೂ ಕರೆಯುವ ಹಾಗಿಲ್ಲ. ನೆನಪಿಟ್ಟವರು ತಾವಾಗಿ ಬರಬೇಕು. ಬಂದವರನ್ನು 'ಯಾಕೆ ಬಂದಿರಿ' ಎಂದು ಕೇಳುವ ಹಾಗೂ ಇಲ್ಲ.

"ನಾಳೆ ಮುಗಿಯುವ ತನಕ ಫೋನು ಮುಟ್ಟುವುದಿಲ್ಲ!" ಎಂದು ಶಪಥ ಮಾಡಿದೆ. ಶಪಥವೆಂದರೆ ಶಪಥ! ಫೋನನ್ನು ಬೀರುವಿಗೆ ಹಾಕಿ ಬೀಗ ಜಡಿದೆ. ಹಾಗೆ ಮುಟ್ಟದೆ ಇದ್ದದ್ದರಿಂದಲೇ, ಅದರಲ್ಲಿ ನಾನು ಹಾಕಿದ್ದ 'ಬಾಗಿಲು ಸದಾ ತೆರೆದಿದೆ, ನೇರವಾಗಿ ಮನೆಗೇ ಬನ್ನಿ' ಎಂಬ ಪ್ರಕಟಣೆಯನ್ನು ತೆಗೆಯಲೂ ಇಲ್ಲ.

ಬೆಳಿಗ್ಗೆ ಸಂತನ ಪಟದ ಮುಂದೆ ಮೇಣದಬತ್ತಿ ಹಚ್ಚಿದೆವು. ಅದರ ಹಿಂದೆಯೇ ಬಾಗಿಲು ಬಡಿದ ಸದ್ದು. ಹೊರಗೆ, ಚೌಕಟ್ಟಿಗಿಂತ ಎತ್ತರದ ಒಬ್ಬ ಫಿನ್ಲೆಂಡಿನ ಯುವಕ. ಏನೋ ಹೇಳಲು ಬಾಯಿ ತೆರೆದ. ತೆರೆದ ಬಾಯಿಗೆ ದೆಸಾ ಹಬ್ಬದ ಪ್ರಸಾದವಾದ ಸಿಹಿ ಗೋಧಿ ಒಂದು ಚಮಚ ತುಂಬಿ, ಕೈಗೆ ರಾಕಿಯಾ ಎಂಬ ಹಣ್ಣಿನ ಸಾರಾಯಿಯ ಲೋಟ ಕೊಟ್ಟು, ಮೇಜಿನ ಮುಖ್ಯ ಕುರ್ಚಿಯಲ್ಲಿ ಕೂರಿಸಿಯೇಬಿಟ್ಟಳು.

"ಯಾರೋ ಇವನು? ನಿನ್ನ ಆಫೀಸಿನವನಾ?" ಎಂದು ನನ್ನ ಕಿವಿಯಲ್ಲಿ ಕೇಳಿದಳು.

ಉರಿಯುವ ಬತ್ತಿಯ ಎದುರು ಸುಳ್ಳು ಹೇಳುವಂತಿಲ್ಲ. ಕೆಮ್ಮಿದೆ. ಕೆಮ್ಮು ಸುಳ್ಳಲ್ಲ.

ಆಮೇಲೆ ಪೋರ್ಚುಗಲ್‌ನ ಅಕ್ಕತಂಗಿಯರು ಬಂದರು. ಜರ್ಮನ್ ದಂಪತಿ ಬಂದರು. ಬೆಲ್ಜಿಯಂನ ಒಂದು ಇಡೀ ಸಂಸಾರ, ನಾಯಿ ಸಮೇತ! ಬಂದವರೆಲ್ಲ ಬಾಯಿ ತೆರೆದರು. ದೆಸಾ ಎಲ್ಲರ ಬಾಯಿಗೂ ಗೋಧಿ ತುಂಬಿದಳು.

ನನ್ನ ಪಾಡು ಕೇಳಿ. ಸ್ಲಾವಾ ದಿನ ಮನೆಯೊಡೆಯ ಕೂರುವ ಹಾಗಿಲ್ಲ. ಅತಿಥಿಗಳು ಏಳುವ ತನಕ ನಿಂತೇ ಬಡಿಸಬೇಕು. ಅತಿಥಿಗಳೋ, ಕೇಳಿ ಬಂದ ಸಾಮಾನು ಕೈಗೆ ಸಿಗದೆ ಏಳುವವರಲ್ಲ! ಸಾಮಾನೆಲ್ಲ ಇರುವುದು ಅಡುಗೆಮನೆಯ ಹಿಂದಿನ ಉಗ್ರಾಣದಲ್ಲಿ. ಅಡುಗೆಮನೆಯ ಬಾಗಿಲಿಗೆ ದೆಸಾಳ ಕಾವಲು.

ಫಿನ್ಲೆಂಡಿನವನು ನನ್ನ ತೋಳು ಹಿಡಿದೆಳೆದ. "ಸ್ವಾಮೀ, ನಾನು ಬಂದದ್ದು..."

"ಗೊತ್ತು, ಗೊತ್ತು! ಸರ್ಮಾ ತಿನ್ನು." ಎಲೆಕೋಸಿನಲ್ಲಿ ಸುತ್ತಿ ಬೇಯಿಸಿದ ಮಾಂಸ ಅವನ ಮುಂದೆ ಬೆಟ್ಟವಾಗಿತ್ತು.

"ಇದು ಮೂರನೇ ತಟ್ಟೆ! ನಿಮ್ಮ ದೇಶದಲ್ಲಿ ಎರವಲು ಬೇಕಾದರೆ ಇಷ್ಟೆಲ್ಲ ತಿನ್ನಬೇಕಾ?"

"ಹಂದಿ ರೋಸ್ಟ್ ಇನ್ನೂ ಬರಬೇಕು. ಧೈರ್ಯ ತಂದುಕೋ."

ದೆಸಾಳ ಮುಖವೋ ಅರಳಿದ ಸೂರ್ಯಕಾಂತಿ. "ನಿನ್ನ ಮೇಲೆ ಇಷ್ಟು ಜನಕ್ಕೆ ಪ್ರೀತಿ ಇದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ ಕಣೋ."

ಕೆಮ್ಮಿದೆ.

"ಈ ಕೆಮ್ಮಿಗೆ ಏನಾದ್ರೂ ಕಾಯಿಸಿ ಕೊಡ್ಲಾ?"

ಮಧ್ಯಾಹ್ನ ಕುಮ್ ರಾದಿಸಾವ್ ದಯಮಾಡಿಸಿದರು. ಹೊಸ್ತಿಲಲ್ಲೇ ಕಂಬದಂತೆ ನಿಂತರು. ಮೇಜು ಭರ್ತಿ, ಬೆಂಚು ಭರ್ತಿ, ಕಿಟಕಿಯ ಕಟ್ಟೆಯೂ ಭರ್ತಿ! ಅವರ ಬಿಳಿ ಮೀಸೆ ನಡುಗಿತು. ಲೋಟ ಎತ್ತಿ, "ದೆಸಾ, ಹೋದ ವರ್ಷ ನನ್ನ ಬಾಯಿಂದ ಕೆಟ್ಟ ಮಾತು ಬಂತಮ್ಮ. ಮರೆತುಬಿಡು. ಇಂಥ ಸ್ಲಾವಾ ನಾನು ನನ್ನ ಜನ್ಮದಲ್ಲಿ ನೋಡಿಲ್ಲ!" ಎಂದರು. ದೆಸಾ ಏಪ್ರನ್ನಿನ ಅಂಚಿನಿಂದ ಕಣ್ಣೊರೆಸಿಕೊಂಡಳು. ಏನೂ ಅರ್ಥವಾಗದ ಪೋರ್ಚುಗಲ್‌ನ ಅಕ್ಕನೂ ಒರೆಸಿಕೊಂಡಳು.

ಅಲ್ಲಿಗೆ ಕುಮ್ ಕೂತಿದ್ದರೆ ನಾನು ಗೆದ್ದಿದ್ದೆ. ಕೂರಲಿಲ್ಲ. ಫಿನ್ಲೆಂಡಿನವನ ಹೆಗಲ ಮೇಲೆ ಕೈಯಿಟ್ಟು, ಯಾರೂ ಕೇಳಬಾರದ ಪ್ರಶ್ನೆಯನ್ನು ಕೇಳಿಯೇಬಿಟ್ಟರು. ಕುಮ್‌ಗೆ ಅಡ್ಡ ಬರುವವರು ಯಾರು?

"ಮಗಾ, ಅಷ್ಟು ದೂರದಿಂದ ನಿನ್ನನ್ನ ಈ ಮನೆಗೆ ಎಳೆದು ತಂದದ್ದು ಏನಪ್ಪ?"

ಅವನ ಬಾಯಲ್ಲಿ ಸರ್ಮಾ. ಅವನು ನನ್ನ ಮುಖ ನೋಡಿದ. ಎಲ್ಲರೂ ನನ್ನ ಮುಖ ನೋಡಿದರು. ನಾನು ಕೆಮ್ಮಿದೆ. ಕುಮ್ ಕಾದರು. ಇನ್ನೊಮ್ಮೆ ಕೆಮ್ಮಿದೆ. ದೆಸಾ ಪ್ರೀತಿಯಿಂದ ನೀರು ತಂದುಕೊಟ್ಟಳು. ಕುಡಿದೆ, ಹಾಳು ಕೆಮ್ಮು ವಾಸಿಯಾಗಿಹೋಯಿತು! ಸಂತನ ಮುಂದೆ ಬತ್ತಿ ನೆಟ್ಟಗೆ ಉರಿಯುತ್ತಿತ್ತು.

"ಪಂಪು, ಕುಮ್," ಎಂದೆ. "ಸೈಕಲ್ಲಿಗೆ ಗಾಳಿ ಹೊಡೆಯೋದು."